ನಮ್ಮ ಸಿನಿಮಾಗೆ ಒಂದು ಹೆಣ ಬೇಕಂತೆ

ಸಿನಿಮಾ ತೆಗೆಯೋದು ಕಷ್ಟ ಅಂತ ಎಲ್ಲರೂ ಹೇಳ್ತಾರೆ. ಆದರೆ ಅದಕ್ಕೆ ದುಡ್ಡು ಹಾಕಿ ಅಂತ ಇನ್ನೊಬ್ಬರನ್ನ ಒಪ್ಪಿಸೋದಿದೆಯಲ್ಲ, ಅದರ ಮಜಾ ಯಾರೂ ಹೇಳಲ್ಲ. ನಾನು ಚಾಮರಾಜಪೇಟೆಯ ಮನೇಲಿ ಕೂತು ಸೀರಿಯಲ್‌ಗಳಿಗೆ ಸಂಭಾಷಣೆ ಬರೆದವಳು. ಸೊಸೆಯರನ್ನ ಅಳಿಸಿ, ಅತ್ತೆಯರನ್ನ ಅಬ್ಬರಿಸಿ ಸಂಸಾರ ಸಾಗಿಸಿದ್ದೀನಿ. ಒಂದು ಓಟಿಟಿ ಕಂಪನಿಯವರು ಕನ್ನಡದಲ್ಲೂ ಸ್ವಂತ ಸಿನಿಮಾ ಮಾಡಿಸ್ತಾರೆ ಅನ್ನೋ ಸುದ್ದಿ ಕಿವಿಗೆ ಬಿದ್ದಾಗಿನಿಂದ ಒಂದಲ್ಲ ಒಂದು ಪ್ರಸಂಗ ನಡೀತಾನೇ ಇದೆ.

ಕಥೆ ನನ್ನದು. ನಿರ್ದೇಶಕ ಶ್ರೀರಾಂಪುರದವನು, ಮದುವೆ ವಿಡಿಯೋ ಮಾಡಿಕೊಂಡಿದ್ದವನು, ನನ್ನನ್ನ ಅಕ್ಕ ಅಂತಾನೆ. ಕಥೆ ಏನಂದ್ರೆ, ಸುಲ್ತಾನ್‌ಪೇಟೆಯಲ್ಲಿ ಅಕ್ಕಪಕ್ಕ ಮದುವೆ ಕಾರ್ಡಿನ ಅಂಗಡಿ ಇಟ್ಟಿರೋ ಇಬ್ಬರು ಮಾತು ಬಿಟ್ಟಿದ್ದಾರೆ. ಒಬ್ಬರ ಮಗಳು ಇನ್ನೊಬ್ಬರ ಮಗನನ್ನ ಮೆಚ್ಚಿಬಿಡ್ತಾಳೆ. ಈಗ ಮಕ್ಕಳ ಮದುವೆ ಕಾರ್ಡು ಯಾರ ಅಂಗಡೀಲಿ ಪ್ರಿಂಟ್ ಆಗಬೇಕು? ಇಷ್ಟೇ ಕಥೆ. ಇದೂ ಕೈ ಹಿಡೀದೇ ಹೋದ್ರೆ ಭಾವನ ಟೈಲ್ಸ್ ಅಂಗಡಿಗೆ ಸೇರ್ತೀನಿ ಅಂತ ನಿರ್ದೇಶಕ ಹೆಂಡತಿಗೆ ಮಾತು ಕೊಟ್ಟಿದ್ದ. ಭಾವ ಎಂಥ ಉತ್ಸಾಹಿ ಅಂದ್ರೆ, ಇವನ ಹೆಸರಲ್ಲಿ ವಿಸಿಟಿಂಗ್ ಕಾರ್ಡೂ ಮಾಡಿಸಿ ಇಟ್ಟಿದ್ದರು.

ಹೆಣ ಎಲ್ಲಿ?

ಕಂಪನಿ ಕಡೆಯಿಂದ ಕಥೆ ಕೇಳೋರು ಮುಂಬೈನಲ್ಲಿ ಕೂತ ಒಬ್ಬ ಮೇಡಂ. ಮೊದಲನೇ ಸಲ ವಿಡಿಯೋ ಕಾಲ್‌ನಲ್ಲಿ ನಮ್ಮ ಹರುಕು ಮುರುಕು ಇಂಗ್ಲಿಷಿನ ಕಥೆಯನ್ನ ತಾಳ್ಮೆಯಿಂದ ಕೇಳಿದರು. ನಗಬೇಕಾದ ಕಡೆ ನಕ್ಕರು. ನಾವಿಬ್ಬರೂ ಗೆದ್ದೆವು ಅಂದುಕೊಂಡೆವು. ಆಮೇಲೆ ಕೇಳಿದರು, ಮೊದಲನೇ ಹೆಣ ಎಷ್ಟನೇ ನಿಮಿಷಕ್ಕೆ ಬೀಳುತ್ತೆ?

ಇದು ಮದುವೆ ಕಥೆ, ಯಾರೂ ಸಾಯಲ್ಲ ಅಂದೆ. ಮೇಡಂ ಮಕ್ಕಳಿಗೆ ಹೇಳೋ ಹಾಗೆ ಬಿಡಿಸಿ ಹೇಳಿದರು. ನೋಡೋರ ಬೆರಳು ಯಾವಾಗಲೂ ರಿಮೋಟ್ ಮೇಲೇ ಇರುತ್ತಂತೆ. ಶುರುವಿನಲ್ಲೇ ಏನೂ ಆಗದಿದ್ದರೆ ಬೇರೆ ಕಡೆ ಹಾರಿಬಿಡ್ತಾರಂತೆ. ಹೆಣ ಕಂಡರೆ ಕೂರ್ತಾರೆ ಅಂತ ಕಂಪನಿಯ ಡೇಟಾ ಹೇಳುತ್ತಂತೆ. ನನಗೆ ಪಿತ್ತ ನೆತ್ತಿಗೇರಿತು. ಮನೇಲಿ ಸಾವಾದ್ರೆ ಸೂತಕ, ವರ್ಷ ಕಳೆಯೋವರೆಗೆ ಮದುವೆ ಮಾಡೋ ಹಾಗಿಲ್ಲ, ಮದುವೆ ಇಲ್ಲದೆ ಕಾರ್ಡೆಲ್ಲಿ, ಕಾರ್ಡಿಲ್ಲದೆ ಸಿನಿಮಾ ಎಲ್ಲಿ ಅಂತ ಒಂದೇ ಉಸಿರಲ್ಲಿ ಕೇಳಿದೆ.

ಟೈಲ್ಸ್ ಅಂಗಡಿ ಕಣ್ಮುಂದೆ ಬಂದಿರಬೇಕು, ನಿರ್ದೇಶಕ ನಡುವೆ ಬಾಯಿ ಹಾಕಿ, ಬೇಕಾದ್ರೆ ಹುಡುಗಿಯ ಅಜ್ಜ ತಲೆಸುತ್ತಿ ಬೀಳಬಹುದು ಅಂದ. ಸಂಜೆ ಮೇಡಂ ಕಡೆಯಿಂದ ಮೇಲ್ ಬಂತು. ಅಜ್ಜನ ಹೆಸರಿನ ಮುಂದೆ 'ಸಾವಿನ ಸಾಧ್ಯತೆ ಉತ್ತಮವಾಗಿದೆ' ಅಂತ ಬರೆದಿದ್ದರು.

ಮಂಗಳವಾರ ಮೂರು ಗಂಟೆ

ಎರಡನೇ ಮೀಟಿಂಗು ಮಂಗಳವಾರ ಮಧ್ಯಾಹ್ನ ಮೂರಕ್ಕೆ ಅಂದರು. ಸರಿಯಾಗಿ ರಾಹುಕಾಲ. ನಾನು ಅದನ್ನೆಲ್ಲ ನಂಬೋಳಲ್ಲ, ಆದರೆ ಸುಮ್ನೆ ಯಾಕೆ ಅಂತ. ನಿರ್ದೇಶಕನ ತಾಯಿ ಅಂತೂ ಫೋನ್ ಮೇಲೆ ಫೋನ್. ಮೀಟಿಂಗ್ ಮುಂದಕ್ಕೆ ಹಾಕಿ ಅನ್ನೋಕೆ ಧೈರ್ಯ ಇಲ್ಲ. ಕೊನೆಗೆ ನಮ್ಮ ಕಡೆ ಎಲ್ಲರೂ ಮಾಡೋ ಉಪಾಯವನ್ನೇ ಮಾಡಿದೆವು. ರಾಹುಕಾಲಕ್ಕೆ ಮುಂಚೆ ಶುರು ಮಾಡಿಬಿಟ್ಟರೆ ಆಮೇಲೆ ಮುಂದುವರಿಸಬಹುದಲ್ಲ.

ಮೂರಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಲಿಂಕ್ ಒತ್ತಿದೆವು. ತೆರೆ ಮೇಲೆ ಒಂದು ಕಪ್ಪು ಚೌಕ ಬಿಟ್ಟರೆ ಯಾರೂ ಇಲ್ಲ. ನಿರ್ದೇಶಕ ಲ್ಯಾಪ್‌ಟಾಪಿಗೆ ಊದುಬತ್ತಿ ಬೆಳಗಿದ. ನಾನು ಕೈಮುಗಿದು, ದೇವ್ರೇ, ಈ ಹೆಂಗಸಿಗೆ ಸ್ವಲ್ಪ ಒಳ್ಳೇ ಬುದ್ಧಿ ಕೊಡಪ್ಪಾ ಅಂತ ಬೇಡಿಕೊಂಡು, ಕಥೆಯ ಮೊದಲ ನಾಲ್ಕು ಸಾಲು ಆ ಚೌಕಕ್ಕೇ ಹೇಳಿದೆ.

ಚೌಕದಿಂದ ದನಿ ಬಂತು. ಮೇಡಂ ಕ್ಯಾಮೆರಾ ಆರಿಸಿಕೊಂಡು ಆಗಲೇ ಕೂತಿದ್ದರು. ಅವರ ಊರು ಪಾಲಕ್ಕಾಡಂತೆ. ಅವರಮ್ಮನೂ ಮೂರಕ್ಕೆ ಮುಂಚೆ ಶುರು ಮಾಡು ಅಂತ ಹೇಳಿ ಕೂರಿಸಿದ್ದರಂತೆ. ನಾನು ನಾಲಿಗೆ ಕಚ್ಚಿಕೊಂಡು, ನಿಮಗೆ ಕನ್ನಡ ಬರಲ್ಲ ಅಲ್ವಾ ಅಂತ ಕೇಳಿದೆ.

“ಬರಲ್ಲ,” ಅಂದರು. “ಆದರೆ ಬುದ್ಧಿ ಅಂದ್ರೆ ಮಲಯಾಳದಲ್ಲೂ ಬುದ್ಧಿನೇ.”

ಮಾವನ ನಿದ್ದೆ

ನಮ್ಮ ಮನೆಯ ಕೆಳಗೆ ನನ್ನ ಸೋದರಮಾವ ಇದ್ದಾರೆ, ರಿಟೈರ್ ಆದವರು. ಅವರ ಟೀವಿಯಲ್ಲೂ ಅದೇ ಓಟಿಟಿ ಬರುತ್ತೆ, ಅಕೌಂಟ್ ಮಾತ್ರ ಕಾಲೇಜು ಓದೋ ಮೊಮ್ಮಗಳದು. ಒಂದು ಮಧ್ಯಾಹ್ನ ಹಪ್ಪಳ ಕೊಡೋಕೆ ಹೋದೆ. ಟೀವಿಯಲ್ಲಿ ಕೊಲೆ ಮೇಲೆ ಕೊಲೆ ನಡೀತಿದೆ, ಮಾವ ಆರಾಮಕುರ್ಚಿಯಲ್ಲಿ ಗೊರಕೆ ಹೊಡೀತಿದ್ದಾರೆ. ಆರಿಸೋಕೆ ಹೋದರೆ ಅತ್ತೆ ಕೈ ಹಿಡಿದರು. ಆರಿಸಿದ್ರೆ ಎದ್ದುಬಿಡ್ತಾರೆ ಕಣೇ, ಆ ಕಿರುಚಾಟ ಇದ್ರೇನೇ ಅವರಿಗೆ ನಿದ್ದೆ ಅಂದರು. ಒಂದು ಕಂತು ಮುಗೀತು, ತಾನಾಗೇ ಇನ್ನೊಂದು ಶುರುವಾಯ್ತು. ಊಟ ಆದಮೇಲೆ ದಿನಾ ಹೀಗೇ ಅಂತೆ.

ನನಗೆ ತಲೇಲಿ ದೀಪ ಹತ್ತಿತು. ಈ ದೇಶದಲ್ಲಿ ಕೊಲೆ ಕಥೆಗಳನ್ನ ಕೊನೇ ತನಕ ಬಿಡದೆ ನೋಡ್ತಿರೋರು ಯಾರು ಅಂತ ಈಗ ಗೊತ್ತಾಯ್ತಲ್ಲ. ಕಂಪನಿಯ ಲೆಕ್ಕದಲ್ಲಿ ಅದು ಕಾಲೇಜು ಓದೋ ಹುಡುಗಿ. ನಿಜದಲ್ಲಿ ಮುದ್ದೆ ಉಂಡು ಮಲಗಿರೋ ನಮ್ಮ ಮಾವ.

ಮುಂದಿನ ಕಾಲ್‌ನಲ್ಲಿ ಮೇಡಂಗೆ ಎಲ್ಲವನ್ನೂ ವಿವರವಾಗಿ ಹೇಳಿ, ಇದೇನಾ ನಿಮ್ಮ ಡೇಟಾ ಅಂತ ಕೇಳಿದೆ. ಮೇಡಂ ತಮ್ಮ ಸುತ್ತಮುತ್ತ ಒಮ್ಮೆ ನೋಡಿಕೊಂಡರು. ಆಮೇಲೆ ದನಿ ತಗ್ಗಿಸಿ, ನಮ್ಮದೊಂದು ಹೊಸ ಸೀರೀಸ್ ಯಾಕೋ ಓಡ್ತಿಲ್ಲ, ನಿಮ್ಮ ಮಾವ ಅದನ್ನ ಹಾಕ್ಕೊಂಡು ಮಲಗ್ತಾರಾ ಅಂತ ಕೇಳಿದರು.

ಎಲೆ ಹಾಕಿದೆ

ಕೊನೆಗೆ ಮೇಡಂ ಒಂದು ಷರತ್ತು ಹಾಕಿದರು. ಸಿನಿಮಾದ ಮೊದಲ ಭಾಗವನ್ನ ಸ್ವಲ್ಪ ತೆಗೆದು ತೋರಿಸಿ. ನೆಂಟರಿಷ್ಟರು ಬೇಡ, ಸಾಮಾನ್ಯ ಜನ ಬರಲಿ. ನಾನು ಬಂದು ಹಿಂದೆ ಕೂತು ಎಷ್ಟು ಜನ ನಡುವೆ ಎದ್ದು ಹೋಗ್ತಾರೆ ನೋಡ್ತೀನಿ. ಎದ್ದು ಹೋದರೆ ಅಲ್ಲಿಗೆ ಮುಗೀತು ಅಂದರು.

ನಿರ್ದೇಶಕ ಸ್ನೇಹಿತರನ್ನ ಕಾಡಿ ಬೇಡಿ ಅರ್ಧ ಗಂಟೆಯಷ್ಟು ಶೂಟ್ ಮಾಡಿದ. ಬಸವನಗುಡಿಯಲ್ಲಿ ಒಂದು ಸಣ್ಣ ಹಾಲ್ ಹಿಡಿದು, ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಸುದ್ದಿ ಹಾಕಿಸಿದೆವು. ಜನರನ್ನ ಕರೆದು ಬರಿ ಹೊಟ್ಟೇಲಿ ಕಳಿಸೋಕಾಗುತ್ತಾ? ‘ಸಿನಿಮಾ ಇದೆ, ನಂತರ ಹೋಳಿಗೆ ಊಟ’ ಅಂತ ನಾನೇ ಸೇರಿಸಿದ್ದೆ.

ಹಾಲ್ ತುಂಬಿತು. ಸಿನಿಮಾ ಶುರುವಾಯ್ತು. ಒಬ್ಬರೂ ಏಳಲಿಲ್ಲ. ಮೇಡಂ ಹುಬ್ಬು ಮೇಲೇರಿತು. ಇನ್ನೇನು ಮುಗೀಬೇಕು, ಕಂಪ್ಯೂಟರ್ ಕೆಟ್ಟು ತೆರೆ ಕಪ್ಪಾಯ್ತು. ನಿರ್ದೇಶಕ ವೈರು ಹಿಡಿದು ಒದ್ದಾಡ್ತಿದ್ದಾನೆ, ಜನ ಮಾತ್ರ ಆ ಕಪ್ಪು ತೆರೆಯನ್ನೇ ಶಾಂತವಾಗಿ ನೋಡ್ತಾ ಕೂತಿದ್ದಾರೆ. ಇಂಥ ಪ್ರೇಕ್ಷಕರನ್ನ ಎಲ್ಲೂ ಕಂಡಿಲ್ಲ ಅಂತ ಮೇಡಂ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು.

ಅಷ್ಟರಲ್ಲಿ ಅಡುಗೆ ಭಟ್ಟರು ಬಾಗಿಲಲ್ಲಿ ನಿಂತು, ಎಲೆ ಹಾಕಿದೆ, ಬನ್ನಿ ಅಂದರು. ಕಣ್ಣು ಮುಚ್ಚಿ ಬಿಡೋದರಲ್ಲಿ ಹಾಲ್ ಖಾಲಿ.

ಇವರೆಲ್ಲ ಊಟಕ್ಕೆ ಕಾಯ್ತಿದ್ರಾ ಅಂತ ಮೇಡಂ ಕೇಳಿದರು. ಹೌದು ಅನ್ನದೆ ವಿಧಿ ಇರಲಿಲ್ಲ. ಅವರು ಲೆಕ್ಕ ಹಾಕ್ತಿದ್ದ ತಮ್ಮ ಲ್ಯಾಪ್‌ಟಾಪ್ ಮುಚ್ಚಿದರು. ನಿರ್ದೇಶಕ ವೈರು ಸುತ್ತುತ್ತಾ, “ಟೈಲ್ಸ್ ಅಂಗಡಿ ಭಾನುವಾರ ರಜಾನಾ ಅಕ್ಕಾ?” ಅಂದ. ಹೋಳಿಗೆ ಹಾಕಿಸಿ ಅವನ ಬದುಕಿಗೆ ನಾನೇ ಕಲ್ಲು ಹಾಕಿದೆನಲ್ಲ ಅಂತ ಅಳು ಬಂತು.

ಬಂದವರನ್ನ ಉಪವಾಸ ಕಳಿಸಬಾರದು ಅಂತ ಮೇಡಂ, ನಿರ್ದೇಶಕ ಇಬ್ಬರನ್ನೂ ಊಟದ ಮನೆಗೆ ಕರಕೊಂಡು ಹೋದೆ. ಒಳಗೆ ಕುರುಕ್ಷೇತ್ರ. ಕಾರ್ಡು ಹಾಕಿಸೋದು ಹೆಣ್ಣಿನ ಕಡೆಯವರ ಹಕ್ಕು ಅಂತ ಒಂದು ಪಂಕ್ತಿ, ಗಂಡಿನಪ್ಪನಿಗೂ ಮಾನ ಇಲ್ವಾ ಅಂತ ಎದುರು ಪಂಕ್ತಿ. ಗಂಡ ಹೆಂಡತಿ ಒಂದೊಂದು ಕಡೆ ಹಂಚಿಹೋಗಿದ್ದರು. ಬಡಿಸೋರು ಹೋಳಿಗೆ ತಟ್ಟೆ ಹಿಡಿದು, ಮೂರು ಸಲ ಬಂದೆ, ಒಬ್ಬರೂ ಎಲೆ ಕಡೆ ನೋಡ್ತಿಲ್ಲ ಅಂತ ಗೊಣಗ್ತಿದ್ದರು. ಏನು ಜಗಳ ಅಂತ ಮೇಡಂ ಗಾಬರಿಯಾದರು. ನಮ್ಮ ಸಿನಿಮಾದ್ದೇ ಅಂದೆ. ಅವರು ಜನರನ್ನ ನೋಡಿದರು, ತಣ್ಣಗಾಗ್ತಿದ್ದ ಹೋಳಿಗೆಗಳನ್ನ ನೋಡಿದರು.

ಒಬ್ಬ ಅಜ್ಜಿ ನಿರ್ದೇಶಕನ ಅಂಗಿ ಹಿಡಿದು ನಿಲ್ಲಿಸಿದರು. “ಕೊನೆಗೆ ಯಾರ ಅಂಗಡೀಲಿ ಪ್ರಿಂಟ್ ಮಾಡಿಸಿದ್ರಪ್ಪಾ?”

“ಮುಂದಿಂದು ಇನ್ನೂ ತೆಗ್ದಿಲ್ಲ ಅಜ್ಜಿ.”

“ಮತ್ತೆ ಇಲ್ಲೇನ್ ಮಾಡ್ತಿದೀಯ? ಹೋಗಿ ತೆಗಿ.”

ಅಜ್ಜಿ ಏನಂದ್ರು ಅಂತ ಮೇಡಂ ಕೇಳಿದರು. ಹೇಳಿದೆ. ಮೇಡಂ ನಕ್ಕು, ನಿರ್ದೇಶಕನ ಕಡೆ ತಿರುಗಿ, ಅವರು ಹೇಳಿದ ಹಾಗೆ ಮಾಡಿ, ದುಡ್ಡು ನಾವು ಹಾಕ್ತೀವಿ ಅಂದರು. ಅವನು ಅಲ್ಲೇ ಒಂದು ಎಲೆ ಮುಂದೆ ಕುಸಿದು ಕೂತು ಅಳ್ತಾ ಹೋಳಿಗೆ ತಿಂದ.

ಮುಂಬೈನಿಂದ ಮೇಲ್ ಬಂತು. ಸಿನಿಮಾ ಓಕೆ. ಕೆಳಗೆ ಇನ್ನೊಂದು ಸಾಲು, ಇನ್ಮೇಲೆ ಬೆಂಗಳೂರಿನ ಇಂಥ ಪ್ರದರ್ಶನಗಳಿಗೆಲ್ಲ ಆ ಭಟ್ಟರದೇ ಊಟ ಆಗಬೇಕು ಅಂತ. ಈಗ ಭಟ್ಟರು ಗಾಂಧಿಬಜಾರಿನಲ್ಲಿ ಸಿಕ್ಕಾಗೆಲ್ಲ ನನ್ನ ಕಡೆ ಕನಿಕರದಿಂದ ನೋಡ್ತಾರೆ.

“ನಿಮ್ದಿನ್ನೂ ಒಂದೇ ಸಿನಿಮಾನಾ ಅಮ್ಮಾ? ನಂದಾಗ್ಲೇ ಆರನೇದು ನಡೀತಿದೆ.”