ಮಟ್ಟಸ ಮೂತಿಯ ಭಾರೀ ಗುಂಡಿನ ವಿಚಾರವಾಗಿ ಅಚ್ಚು ಕಂಪನಿಯವರಿಗೆ

ಗುಂಡಿನ ಅಚ್ಚುಗಳ ವಿನ್ಯಾಸ ವಿಭಾಗದ ಮಾನ್ಯ ಮುಖ್ಯಸ್ಥರ ಸನ್ನಿಧಾನಕ್ಕೆ, ಮೊಂಟಾನಾ ರಾಜ್ಯದ ಬೆಟ್ಟದ ಬುಡದಿಂದ, ರಸ್ತೆಯ ಹಿಮ ತೆಗೆಯುವ ಲಾರಿಯ ನಿವೃತ್ತ ಚಾಲಕ ಡೆಲ್ಬರ್ಟ್ ಸ್ಟೆನ್ರುಡ್ ಎಂಬವನು, ಎರಡೂ ಕಣ್ಣು ಇನ್ನೂ ಕೆಂಪಗಿರುವ ಸ್ಥಿತಿಯಲ್ಲಿ, ತಲೆಬಾಗಿ ಮಾಡುವ ವಂದನೆಗಳು.

ಮಾನ್ಯರೇ, ತಾವು ಕಳಿಸಿದ ಕ್ಯಾಟಲಾಗ್ ನಮ್ಮ ಮನೆಗೆ ಬಂದ ದಿನದಿಂದ ನಾನು ಊಟದ ಮೇಜಿನಲ್ಲಿ ಊಟ ಮಾಡಿದ್ದು ಕಡಿಮೆ. ಒಂದೇ ರಿವಾಲ್ವರಿಗೆ ಅಷ್ಟೊಂದು ಬಗೆಯ ಗುಂಡುಗಳನ್ನು ಸೃಷ್ಟಿಸಿದ ತಮ್ಮ ಕಲ್ಪನಾಶಕ್ತಿಗೆ ಏನೆನ್ನಲಿ? ದುಂಡು ಮೂತಿ, ಮಟ್ಟಸ ಮೂತಿ, ಭುಜ ಇರುವುದು, ಭುಜ ಇಲ್ಲದ್ದು, ಮೇಣ ತುಂಬಲು ಒಂದು ತೋಡಿನದು, ಎರಡು ತೋಡಿನದು. ಒಂದೊಂದನ್ನೂ ಅಳೆದು ಸುರಿದು ನೋಡುತ್ತ ಕುಳಿತಿದ್ದ ನನ್ನನ್ನು ಕಂಡು ನನ್ನ ಹೆಂಡತಿ ಆರ್ಲಿಸ್, "ನನ್ನ ಮದುವೆ ಆಗೋವಾಗ ಇದರಲ್ಲಿ ಕಾಲುಭಾಗ ಯೋಚನೆ ಮಾಡಿದ್ಯೇನೋ?" ಎಂದು ಕೇಳಿದಳು. ಮದುವೆಗೆ ಕ್ಯಾಟಲಾಗ್ ಇರಲಿಲ್ಲ ಎಂದೆ. ಅಂದಿನ ರಾತ್ರಿಯೂಟ ತಣ್ಣಗಿತ್ತು.

ಕಡೆಗೆ ನಾನು ಆರಿಸಿದ್ದು ತಮ್ಮ ಪುಸ್ತಕದಲ್ಲೇ ಅತಿ ಭಾರವಾದ, ಅತಿ ಅಗಲ ಮೂತಿಯ ಗುಂಡನ್ನು. ಕಾರಣ ವೈಜ್ಞಾನಿಕವಾದುದೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಿಜವಾದ ಕಾರಣ, ಅದು ನೋಡಲು ಗತ್ತಿನಿಂದಿತ್ತು. ನಾನು ಹಾಗಿಲ್ಲ. ಸೀಸ ಕರಗಿಸಿ, ಚೂರು ತವರ ಬೆರೆಸಿ, ತಮ್ಮ ಅಚ್ಚಿಗೆ ಸುರಿದು ತೆರೆದಾಗ ಹೊಳೆಯುತ್ತ ಉರುಳಿ ಬಿದ್ದ ಆ ಗುಂಡುಗಳನ್ನು ಕಂಡು ನನಗಾದ ಹೆಮ್ಮೆಯನ್ನು, ಇಂಥ ಅಚ್ಚು ಮಾಡುವ ತಾವಲ್ಲದೆ ಬೇರೆ ಯಾರು ಅರಿತಾರು?

ಪಕ್ಕದ ಮನೆಯ ಗಸ್ ಟೋರ್ಗರ್ಸನ್ ಮಾತ್ರ ಒಂದನ್ನು ಬೆರಳಲ್ಲಿ ಹಿಡಿದು ತಿರುಗಿಸಿದ. "ಡೆಲ್, ಇದೇನು ಗುಂಡೋ, ಬಾಗಿಲಿಗೆ ಅಡ್ಡ ಇಡೋ ಕಲ್ಲೋ?" ಎಂದ. ಆಮೇಲೆ ಉಗುರಿನಿಂದ ಗುಂಡಿನ ಸುತ್ತ, ಮೇಣದ ತೋಡಿಗಿಂತ ಮೇಲಿರುವ ಇನ್ನೊಂದು ತೋಡನ್ನು ಕೆರೆದ. ತಮಗೆ ತಿಳಿದದ್ದೇ, ತೋಟಾದ ಹಿತ್ತಾಳೆ ಕೊಳವೆಯ ಬಾಯಿಯನ್ನು ಆ ತೋಡಿನೊಳಕ್ಕೆ ಒತ್ತಿ ಮಡಿಚಿದರೆ ಗುಂಡು ಅಲುಗದೆ ಕೂರಬೇಕು. "ಇದು ಆಳಾನೇ ಇಲ್ಲ ಕಣಯ್ಯಾ. ಗುಂಡು ಭಾರ, ನಿನ್ನ ಪಿಸ್ತೂಲು ಹಗುರ. ಒಂದು ಹಾರಿದ ಏಟಿಗೆ ಮಿಕ್ಕವು ಮುಂದಕ್ಕೆ ಜಾರಿ ಬಂದ್ರೆ ತೋಟಾ ತುಂಬೋ ಚಕ್ರಾನೇ ತಿರುಗಲ್ಲ. ತುಂಬಿಸಿ ಹೊಡೆದು ನೋಡಿದ್ಯಾ?"

ನೋಡಿದ್ದೇನೆ ಎಂದೆ. ನೋಡಿದ್ದು ಹೌದು, ಒಂದೊಂದೇ ತೋಟಾ ಹಾಕಿ. ಏಕೆಂದರೆ ಒಂದು ಹೊಡೆದರೆ ಮಣಿಕಟ್ಟಿಗೆ ಐಸು ಇಟ್ಟುಕೊಂಡು ಕೂರಬೇಕಾಗುತ್ತಿತ್ತು. ಈ ಸಂಗತಿಯನ್ನು ಗಸ್‌ಗೆ ಹೇಳುವ ಅಗತ್ಯ ನನಗೆ ಕಾಣಲಿಲ್ಲ.

ಮಾನ್ಯರೇ, ಆಗಸ್ಟಿನಲ್ಲಿ ನಮ್ಮ ಕಡೆ ಹಕಲ್‌ಬೆರಿ ಎಂಬ ಕಾಡುಪೊದೆ ಹಣ್ಣಾಗುತ್ತದೆ. ಅದನ್ನು ನಾವೂ ತಿನ್ನುತ್ತೇವೆ, ಕರಡಿಗಳೂ ತಿನ್ನುತ್ತವೆ. ಆರ್ಲಿಸ್ ಬಕೆಟ್ ಹಿಡಿದು ಇಳಿಜಾರಿನಲ್ಲಿ ಮುಂದೆ ಮುಂದೆ ಹೋಗುತ್ತಿದ್ದಳು. ನಾನು ತಮ್ಮ ಗುಂಡುಗಳನ್ನು ಸೊಂಟಕ್ಕೆ ತೂಗುಹಾಕಿಕೊಂಡು, ಹಣ್ಣು ಕೀಳುವಂಥ ಸಣ್ಣ ಕೆಲಸಕ್ಕೆ ಕೈಹಾಕದೆ, ಕಾವಲು ಕಾಯುತ್ತಿದ್ದೆ. ಪೊದೆ ಅಲುಗಿತು. ಅದರೊಳಗಿಂದ ಭುಜದ ಮೇಲೆ ಗುಡ್ಡೆ ಇರುವ, ಕಂದು ಬಣ್ಣದ, ನಮ್ಮ ಫ್ರಿಜ್ಜಿಗಿಂತ ದೊಡ್ಡದೊಂದು ಕರಡಿ ಎದ್ದು ನಿಂತಿತು.

ನಾನು ಅದರ ಪಕ್ಕದ ಮಣ್ಣಿಗೆ ಒಂದು ಗುಂಡು ಹೊಡೆದೆ. ಸದ್ದು ಕಣಿವೆಯಲ್ಲೆಲ್ಲ ಉರುಳಿತು. ಕರಡಿ ಓಡಲಿಲ್ಲ. ತಲೆ ತಗ್ಗಿಸಿ, ಹಲ್ಲು ಕಟಕಟ ಅನ್ನಿಸುತ್ತ ನಮ್ಮ ಕಡೆಗೇ ಬಂತು. ಇನ್ನೊಂದು ಹೊಡೆಯಲು ಹೋದರೆ ಚಕ್ರ ತಿರುಗಲಿಲ್ಲ. ಹೆಬ್ಬೆರಳು ಹಾಕಿ ತಳ್ಳಿದೆ. ತಿರುಗಲಿಲ್ಲ. ಮಿಕ್ಕ ಗುಂಡುಗಳು ತಮ್ಮ ಅಗಲವಾದ ಮೂತಿಯನ್ನು ಚಕ್ರದಿಂದ ಆಚೆ ಚಾಚಿ, ಇದೇನು ನಡೆಯುತ್ತಿದೆ ಎಂದು ನೋಡುತ್ತಿದ್ದವು.

"ಹೊಡಿಯೋ!"

"ತಿರುಗ್ತಿಲ್ಲ!"

"ಏನು ತಿರುಗ್ತಿಲ್ಲ?"

"ಚಕ್ರ! ಗುಂಡು ಮುಂದೆ ಬಂದ್ಬಿಟ್ಟಿದೆ, ಈ ತೋಡು ಸ್ವಲ್ಪ ಆಳ ಇದ್ದಿದ್ರೆ..."

"ಈಗ ಪಾಠ ಮಾಡಬೇಡ್ವೋ!" ಎಂದವಳೇ ನನ್ನ ಹೆಗಲ ಮೇಲಿಂದ ಕೈಚಾಚಿ, ನಾನು ಅಲ್ಲಿಯವರೆಗೆ ಮೆಣಸಿನ ಸಾರು ಎಂದು ಗೇಲಿ ಮಾಡುತ್ತಿದ್ದ, ಕರಡಿ ಓಡಿಸಲು ಖಾರ ಚಿಮ್ಮಿಸುವ ಡಬ್ಬಿಯನ್ನು ಒತ್ತಿದಳು. ಕಿತ್ತಳೆ ಬಣ್ಣದ ಮೋಡ ಎದ್ದಿತು. ಕರಡಿ ಸೀನಿ, ಕೆಮ್ಮಿ, ತಿರುಗಿ ಪೊದೆ ಮುರಿದುಕೊಂಡು ಓಡಿತು. ಗಾಳಿ ನಮ್ಮ ಕಡೆ ತಿರುಗಿತು. ಉಳಿದ ಮೋಡ ಪೂರ್ತಿ ನನ್ನ ಪಾಲಿಗೆ ಬಂತು.

ಕಣ್ಣು ಕಾಣದೆ, ಆರ್ಲಿಸಳ ಬೆಲ್ಟು ಹಿಡಿದುಕೊಂಡು, ಮೂಗು ಸುರಿಸುತ್ತ ಬೆಟ್ಟ ಇಳಿದೆ. "ಇಲ್ಲಿ ಕಲ್ಲಿದೆ, ಕಾಲೆತ್ತು" ಎನ್ನುತ್ತ ಅವಳು ದಾರಿಯುದ್ದಕ್ಕೂ ನನ್ನನ್ನು ನಡೆಸಿದಳು. ಟ್ರಕ್ಕಿನೊಳಗೆ ಕೂತು ಬಾಗಿಲು ಹಾಕಿದ ಮೇಲೆ ಬಿದ್ದು ಬಿದ್ದು ನಕ್ಕಳು. ಆ ನಗು ಯಾವಾಗ ಅಳುವಾಯಿತೋ ನನಗೆ ಕಾಣಲಿಲ್ಲ, ಕೇಳಿಸಿತು. ಕೈ ಚಾಚಿ ಅವಳ ಕೈ ಹುಡುಕಿದೆ. ಅವಳು ಗಟ್ಟಿಯಾಗಿ ಹಿಡಿದುಕೊಂಡಳು.

ಆದ್ದರಿಂದ ಮಾನ್ಯರಲ್ಲಿ ನನ್ನ ವಿನಮ್ರ ಬೇಡಿಕೆಗಳು ಇವು. ಮುಂದಿನ ಮುದ್ರಣದಲ್ಲಿ ಪ್ರತಿ ಗುಂಡಿನ ಚಿತ್ರದ ಪಕ್ಕ ಅದನ್ನು ಕೊಳ್ಳುವವನ ಮಣಿಕಟ್ಟಿನ ಚಿತ್ರವನ್ನೂ ಹಾಕಬೇಕು. ಅತಿ ಭಾರದ ಗುಂಡನ್ನು ಬಯಸುವವನಿಗೆ ಅಚ್ಚಿನ ಬದಲು ಒಂದು ಕನ್ನಡಿ ಕಳಿಸಬೇಕು. ಸಾಧ್ಯವಾದರೆ, ಕರಗಿಸಿ ಸುರಿದರೆ ವಿವೇಕ ಎರಕವಾಗಿ ಬರುವಂಥ ಅಚ್ಚೊಂದನ್ನು ತಯಾರಿಸಬೇಕು. ಗಾತ್ರ ದೊಡ್ಡದಿರಲಿ, ನನ್ನ ತಲೆಯಲ್ಲಿ ಜಾಗ ಬೇಕಾದಷ್ಟಿದೆ. ಸದ್ಯಕ್ಕೆ, ತೋಡು ಆಳವಾಗಿರುವ, ತೂಕ ಮಿತವಾಗಿರುವ, ಯಾರೂ ತಿರುಗಿ ನೋಡದ ಆ ಸಾಧಾರಣ ಗುಂಡಿನ ಅಚ್ಚನ್ನೇ ಕಳಿಸಿಕೊಡಿ. ಈ ಸಲ ಚಕ್ರ ಪೂರ್ತಿ ತುಂಬಿಸಿ, ಗಸ್‌ನ ಎದುರಿಗೇ ಹೊಡೆದು ನೋಡುತ್ತೇನೆ. ಐಸನ್ನು ಅವನೇ ತರುತ್ತಾನಂತೆ.

ಸೀಸಕ್ಕಿಂತ ನಿಧಾನವಾಗಿ ಕರಗುವ ತಮ್ಮ ವಿಶ್ವಾಸಿ,
ಡೆಲ್ಬರ್ಟ್ ಸ್ಟೆನ್ರುಡ್

ವಿ.ಸೂ.: ಅಂಚೆಗೆ ಹಾಕುವ ಮೊದಲು ಆರ್ಲಿಸ್ ಇದನ್ನು ಓದಿ, "ಕರಡಿ ಬಂದಾಗ ಆ ಕೆಟ್ಟೋದ ಪಿಸ್ತೂಲು ಹಿಡ್ಕೊಂಡೇ ನನ್ನ ಮುಂದೆ ಬಂದು ನಿಂತ್ಯಲ್ಲ, ಅದನ್ನ ಯಾಕೋ ಬರೀಲಿಲ್ಲ?" ಎಂದು ಗದರಿದಳು. ಅವಳು ಒಳಗೆ ಹೋಗಿರುವುದರಿಂದ ತಮಗೆ ಮಾತ್ರ ನಿಜ ಹೇಳುತ್ತೇನೆ: ನನ್ನ ಬೂಟು ಜಾರಿತ್ತು. ಜಾರಿದ ಮೇಲೆ ಹಿಂದಕ್ಕೆ ಬರಲು ಜಾಗವಿತ್ತು, ಬರಲಿಲ್ಲ, ಅದೂ ನಿಜವೇ. ಇದನ್ನು ತಮ್ಮ ಗುಂಡಿನ ಜಾಹೀರಾತಿಗೆ ಬಳಸಿಕೊಳ್ಳುವ ಆಲೋಚನೆ ಇದ್ದರೆ, ದಯವಿಟ್ಟು ಮೊದಲು ಬೂಟಿನ ಕಂಪನಿಯವರನ್ನು ಕೇಳಿ.