ಲ್ಯಾಟಿನ್ನಿನಲ್ಲಿ ಬೈಯುವ ಮಾವ

ಸಿಟ್ಟಿನ ಮಾವ ನಿಮ್ಮ ಮನೆಯಲ್ಲೂ ಒಬ್ಬರು ಇರಬಹುದು. ಆದರೂ ನೀವು ಪುಣ್ಯವಂತರು. ಅವರು ನಿಮಗೆ ಅರ್ಥವಾಗುವ ಭಾಷೆಯಲ್ಲಿ ಬೈಯುತ್ತಾರೆ! ನಮ್ಮ ಸೋದರಮಾವ ಬೈಯುವುದು ಲ್ಯಾಟಿನ್ನಿನಲ್ಲಿ. ಬೈದ ಮೇಲೆ ಅದರ ಅರ್ಥವನ್ನೂ ಅವರೇ ಹೇಳಬೇಕು, ಧಾತುವನ್ನೂ ಅವರೇ ಬಿಡಿಸಿ ತೋರಿಸಬೇಕು. ಅಷ್ಟು ಹೊತ್ತಿಗೆ ಬೈಸಿಕೊಂಡ ಸ್ಕೂಟರಿನವನು ಎನ್.ಆರ್. ಕಾಲೋನಿ ದಾಟಿ ಹೋಗಿರುತ್ತಾನೆ. ವಿವರಣೆ ಕೇಳಲು ಉಳಿಯುವವಳು ನಾನು. ಈಗ ಹೇಳಿ, ನನಗೆ ಸಿಟ್ಟು ಬರಬೇಕೋ ಬೇಡವೋ?

ಮಾವ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಗಿಡಗಳ ಹೆಸರೆಲ್ಲ ಲ್ಯಾಟಿನ್ ತಾನೇ? ಬೇರೆಯವರು ಅದನ್ನು ಉರುಹೊಡೆದು ಪಾಸಾದರೆ, ಇವರು ಮುದುಕ ಪಾದ್ರಿಯೊಬ್ಬರ ಬೆನ್ನುಬಿದ್ದು ಇಡೀ ಭಾಷೆಯನ್ನೇ ಕಲಿತುಬಂದರು. ಚಾಮರಾಜಪೇಟೆಯ ತಮ್ಮ ಮನೆಯಲ್ಲಿ ಕೂತು ಕುಂಡದ ಗಿಡಗಳಿಗೆ ಪಾಠ ಹೇಳಿಕೊಂಡಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ನಮ್ಮ ಮನೆಗೆ ಬಂದದ್ದೇ ಕೇಡಾಯಿತು.

ಬಂದದ್ದು ಹೀಗೆ. ನನ್ನ ಮಗಳಿಗೆ ಉಗ್ಗು. ಶಾಲೆಯಲ್ಲಿ ಓದಲು ಎದ್ದು ನಿಂತರೆ ಮೊದಲ ಅಕ್ಷರದಲ್ಲೇ ಮಾತು ಸಿಕ್ಕಿಹಾಕಿಕೊಳ್ಳುತ್ತಿತ್ತು, ತರಗತಿ ನಗುತ್ತಿತ್ತು. ಟೀಚರು ನಗುವವರನ್ನು ಬಿಟ್ಟು ಇವಳನ್ನೇ ಕೂರಿಸಿಬಿಡುತ್ತಿದ್ದರು. ಕೇಳಲು ಹೋದರೆ, "ಸಿಲಬಸ್ ಮುಗೀಬೇಕಲ್ಲ ಮೇಡಂ" ಎಂದರು. ಸಿಲಬಸ್ಸಂತೆ! ಮಗು ಮನೆಯಲ್ಲೂ ಮಾತು ಬಿಟ್ಟು, ತಲೆಯಾಡಿಸಿ, ಬೆರಳು ತೋರಿಸಿ ಕಾಲ ಕಳೆಯತೊಡಗಿತು. ಒಂದು ದಿನ ಶಾಲೆಗೆ ಹೋಗಿ ಅವಳ ಕೈ ಹಿಡಿದುಕೊಂಡು ಬಂದುಬಿಟ್ಟೆ. ಮಹಡಿ ಮನೆಯವರು ತಮ್ಮ ಅವಳಿ ಹುಡುಗಿಯರಿಗೆ ಮೊದಲಿಂದಲೂ ಮನೆಯಲ್ಲೇ ಪಾಠ ಹೇಳುತ್ತಿದ್ದರು. ನಾನೂ ಹಾಗೇ ಮಾಡುತ್ತೇನೆ ಎಂದೆ. ನೆಂಟರಿಷ್ಟರೆಲ್ಲ ಫೋನಿನಲ್ಲಿ ಬುದ್ಧಿ ಹೇಳಿದರು. ಮಾವ ಮಾತ್ರ ಖುದ್ದಾಗಿ ಬಂದರು.

"ಮನೇಲಿ ಕೂರಿಸ್ಕೊಂಡು ಏನೇ ಹೇಳ್ಕೊಡ್ತೀಯ? ಉಪ್ಪಿಟ್ಟು ಕೆದಕೋದಾ?" ಎಂದು ಗೇಟಿನಿಂದಲೇ ಗುಡುಗಿದರು. ಎದುರು ಮನೆಯ ಕಿಟಕಿ ತೆರೆಯಿತು.

"ಅಷ್ಟಿದ್ರೆ ನೀವೇ ಬಂದು ಹೇಳ್ಕೊಡಿ!" ಎಂದು ನಾನೂ ಕೂಗಿದೆ.

ಸಿಟ್ಟಿನಲ್ಲಿ ಆಡಿದ ಮಾತನ್ನು ಯಾರಾದರೂ ನಿಜ ಎಂದುಕೊಳ್ಳುತ್ತಾರೆಯೇ? ಮಾವ ಅಂದುಕೊಂಡರು! ಮರುದಿನ ಹಾಲು ಉಕ್ಕುವ ಮೊದಲೇ ಸೀಮೆಸುಣ್ಣದ ಡಬ್ಬಿ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು.

ಗಣಿತ ಹೇಳಿಕೊಡುತ್ತಾರೇನೋ, ವಿಜ್ಞಾನ ಹೇಳಿಕೊಡುತ್ತಾರೇನೋ ಎಂದು ಕಾದೆ. ಲ್ಯಾಟಿನ್!

"ಸಂಸ್ಕೃತನಾದ್ರೂ ಹೇಳ್ಕೊಡಬಾರದಾ ಮಾವ?"

"ಎರಡೂ ಅಕ್ಕತಂಗೀರು ಕಣೇ ದಡ್ಡಿ! ದಂತ, ದೆನ್ಸ್. ನಾಸಿಕ, ನಾಸುಸ್. ಅಗ್ನಿ, ಇಗ್ನಿಸ್. ಧಾತು ಹಿಡಿದ್ರೆ ಇಂಗ್ಲಿಷ್ ತಾನಾಗೇ ಬಂದು ಕಾಲಿಗೆ ಬೀಳತ್ತೆ!"

ಇಂಗ್ಲಿಷ್ ಕಾಲಿಗೆ ಬೀಳುವ ಮೊದಲು ನಾನು ಬಿದ್ದೆ. ಮಹಡಿಯ ಅವಳಿಗಳೂ ಇಳಿದುಬಂದು ಪಾಠಕ್ಕೆ ಸೇರಿಕೊಂಡರು. ನಮ್ಮ ಹಜಾರದ ಕೆಂಪು ಗಾರೆ ನೆಲವೇ ಅವರ ಕರಿಹಲಗೆ. ಆ ಮೂಲೆಯಿಂದ ಈ ಮೂಲೆಯವರೆಗೆ ಧಾತುಗಳು, ಅವಕ್ಕೆ ಬಾಣ, ಬಾಣಕ್ಕೆ ಕೊಂಬೆ. ನಾನು ಕಾಫಿ ಲೋಟ ಹಿಡಿದು 'ಅಕ್ವಾ', ಅಂದರೆ ನೀರು, ದಾಟಲು ಹೋಗಿ ಸೀಮೆಸುಣ್ಣದ ಮೇಲೆ ಕಾಲಿಟ್ಟು ಜಾರಿದೆ. "ಅಯ್ಯೋ, ಅಕ್ವಾ ಅಳಿಸ್ಬಿಟ್ಯಲ್ಲೇ!" ಎಂದು ಮಾವ ಕಿರುಚಿದರು. ನನ್ನ ಮೊಣಕಾಲಿನ ಗತಿ ಕೇಳಿದವರಿಲ್ಲ. ಕೇಳಿದರು, ಸುಳ್ಳು ಹೇಳಬಾರದು. "ನೋಡ್ರೇ ಮಕ್ಕಳಾ, ಜಾನು ಅಂದ್ರೆ ಮೊಣಕಾಲು, ಲ್ಯಾಟಿನ್ನಲ್ಲಿ ಗೆನು!" ಎಂದು ನನ್ನ ಊದಿದ ಮೊಣಕಾಲನ್ನು ಪಾಠಕ್ಕೆ ಬಳಸಿಕೊಂಡರು!

ಆ ಮೊಣಕಾಲಿಗೆ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಮಾವ ಚೀಟಿ ಕಿತ್ತುಕೊಂಡು ಮೂರೂ ಮಕ್ಕಳನ್ನು ಗಾಂಧಿ ಬಜಾರಿನ ಮೆಡಿಕಲ್ ಶಾಪಿಗೆ ಮೆರವಣಿಗೆ ಹೊರಡಿಸಿದರು. ನಾನು ಹಿಂದೆ ಕುಂಟುತ್ತ ಹೋದೆ.

"ಇಲ್ಲಿ ಬಿ.ಡಿ. ಅಂತ ಇದೆಯಲ್ಲ, ಹಾಗಂದ್ರೇನ್ರೀ?" ಎಂದು ಅಂಗಡಿಯವನನ್ನು ಗದರಿದರು.

"ದಿನಕ್ಕೆ ಎರಡು ಸಲ ಸಾರ್."

"ಅದು ಯಾವ ಭಾಷೆ?"

"ಡಾಕ್ಟರ್ ಭಾಷೆ ಸಾರ್."

ಅಲ್ಲಿಗೆ ಮುಗಿಯಿತು! 'ಬಿಸ್ ಇನ್ ದೀಯೇ' ಎಂಬ ಮೂರು ಪದಗಳ ಸಂಸಾರವನ್ನೆಲ್ಲ ಮಾವ ಬಿಡಿಸಿ ಮುಗಿಸುವಷ್ಟರಲ್ಲಿ ನನ್ನ ಹಿಂದೆ ಉದ್ದ ಸಾಲು ಬೆಳೆದಿತ್ತು. ದಾರಿಯಲ್ಲಿ ಸೊಪ್ಪಿನವಳ ಬುಟ್ಟಿ ಕಂಡಿತು. ಕೊತ್ತಂಬರಿ ಕಟ್ಟನ್ನು ಮೇಲೆತ್ತಿ, "ಕೊರಿಯಾಂದ್ರುಮ್ ಸತೀವುಮ್!" ಎಂದು ಅಬ್ಬರಿಸಿದರು. ಆಕೆ ಸೊಂಟಕ್ಕೆ ಕೈಯಿಟ್ಟು ಎದ್ದಳು. "ಯಜಮಾನ್ರೇ, ಬಯ್ಯೋದಾದ್ರೆ ಕನ್ನಡದಾಗೆ ಬಯ್ರಿ. ನಾನೂ ತಿರುಗಿಸಿ ಬಯ್ಬೇಕಲ್ವಾ?"

ಕ್ಯಾಲೆಂಡರಿನ ಕತೆ ಬೇರೆ. ಸೆಪ್ಟೆಮ್ ಎಂದರೆ ಏಳು, ನಮ್ಮ ಸಪ್ತ. ಹಾಗಿದ್ದ ಮೇಲೆ ಸೆಪ್ಟೆಂಬರ್ ಒಂಬತ್ತನೇ ತಿಂಗಳು ಹೇಗಾಯಿತು? ಮಾವನಿಗೆ ರೋಮಿನವರ ಮೇಲೆ ರೇಗಿತು. ಕೈಗೆ ಸಿಕ್ಕಿದ್ದು ನಮ್ಮ ಅಡುಗೆಮನೆಯ ಕ್ಯಾಲೆಂಡರು. ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ನಾಲ್ಕೂ ಹೆಸರು ಹೊಡೆದುಹಾಕಿ ಕೆಂಪು ಶಾಯಿಯಲ್ಲಿ 'ಸುಳ್ಳು' ಎಂದು ಬರೆದರು. ಗ್ಯಾಸಿನವರು ಫೋನು ಮಾಡಿ ಯಾವತ್ತು ಬುಕ್ ಮಾಡಿದ್ದೆಂದು ಕೇಳಿದಾಗ ನನ್ನ ಗಂಡ ಗೋಡೆ ನೋಡಿಕೊಂಡು, "ಸುಳ್ಳು ಹನ್ನೊಂದು" ಎಂದುಬಿಟ್ಟರು. ಸಿಲಿಂಡರು ಬರಲಿಲ್ಲ!

ಇವನ್ನೆಲ್ಲ ನುಂಗಿಕೊಂಡೆ. ಏಕೆಂದರೆ ಆ ಗದ್ದಲದ ನಡುವೆ ನನ್ನ ಮಗಳು ಒಂದೊಂದೇ ಪದ ಹೇಳತೊಡಗಿದ್ದಳು. ತಡೆದು ತಡೆದು ಹೇಳುತ್ತಿದ್ದಳು, ಆದರೂ ಹೇಳುತ್ತಿದ್ದಳು. ನುಂಗಲಾಗದ್ದು ನಡೆದದ್ದು ಬಂಧುಗಳ ಮನೆಯ ಮುಂಜಿಯಲ್ಲಿ.

ಛತ್ರದಲ್ಲಿ ನನ್ನ ಚಿಕ್ಕಮ್ಮ, ಅಂದರೆ ಮಾವನ ಸ್ವಂತ ತಂಗಿ, ಮಗಳನ್ನು ಹತ್ತಿರ ಎಳೆದುಕೊಂಡರು. "ಸ್ಕೂಲಿಗೇ ಹೋಗಲ್ವಂತೆ? ಮನೇಲಿ ಏನು ಕಲೀತೀಯೇ ಪುಟ್ಟಿ?"

"ಲ... ಲ... ಲ..."

"ಲಾಡು ಕಟ್ಟೋದಾ?"

ಸುತ್ತ ಕೂತಿದ್ದವರೆಲ್ಲ ನಕ್ಕರು. ನಾನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಸಿಡಿಲು ಹೊಡೆಯಿತು.

"ತಾಕೇ!"

ಬಾಯಿ ಮುಚ್ಚು ಎಂದು ಅದರ ಅರ್ಥ. ಚಿಕ್ಕಮ್ಮ ಮುಚ್ಚಿದರು. ನಾದಸ್ವರದವರೂ ಮುಚ್ಚಿದರು. ಪುರೋಹಿತರು ಮಂತ್ರ ಅರ್ಧಕ್ಕೆ ನಿಲ್ಲಿಸಿದರು! "ಮಗು ಹೇಳತ್ತೆ! ಎಲ್ಲರೂ ಕೇಳಿ!" ಎಂದು ಮಾವ ಕೈಯೆತ್ತಿ ಆಜ್ಞೆ ಮಾಡಿದರು. ಇಡೀ ಛತ್ರ ತಿರುಗಿ ನನ್ನ ಮಗಳ ಬಾಯನ್ನೇ ನೋಡಿತು. ಅವಳು ಮುಖ ಮುಚ್ಚಿಕೊಂಡು ಊಟದ ಮನೆಯ ಕಡೆಗೆ ಓಡಿದಳು.

ಒಗ್ಗರಣೆ ಹೊಗೆಯಲ್ಲಿ, ತರಕಾರಿ ಮೂಟೆಗಳ ಹಿಂದೆ ಅವಳನ್ನು ಹುಡುಕಿ ತಂದೆ. ಆಮೇಲೆ ಮಾವನ ಎದುರು ನಿಂತೆ.

"ಶಾಲೇಲಿ ಮೂವತ್ತು ಮಕ್ಕಳೆದುರಿಗೆ ಅವಮಾನ ಆಗ್ತಿತ್ತು. ನೀವು ಮುನ್ನೂರು ಜನರೆದುರಿಗೆ ಮಾಡಿದ್ರಿ. ಇನ್ಮೇಲೆ ನಮ್ಮನೆಗೆ ಬರ್ಬೇಡಿ ಮಾವ."

ಜಗತ್ತನ್ನೇ ಬೈಯುವ ಮಾವ ತಲೆತಗ್ಗಿಸಿ ಶಲ್ಯ ಹೆಗಲಿಗೇರಿಸಿಕೊಂಡರು. ಚಪ್ಪಲಿ ಹುಡುಕಿಕೊಂಡು ಊಟ ಮಾಡದೆ ಹೋದರು.

ಮರುದಿನ ಅವರು ಬರಲಿಲ್ಲ. ನೆಲ ಒರೆಸಿಸಿದೆ, ಹಜಾರ ಫಳಫಳ ಎಂದಿತು. ಅವಳಿಗಳು ಇಳಿದುಬಂದು ಬರಿ ನೆಲ ನೋಡಿ ಮೇಲೆ ಹೋದರು. ಮಗಳು ಮತ್ತೆ ಬೆರಳು ತೋರಿಸಿಯೇ ನೀರು ಕೇಳಿದಳು. ಇದಕ್ಕೂ ನನಗೆ ಮಾವನ ಮೇಲೆಯೇ ಸಿಟ್ಟು ಬಂತು. ಇದ್ದರೂ ಕಾಟ, ಇಲ್ಲದಿದ್ದರೂ ಕಾಟ! ಆ ವಾರ ಕಳೆಯುವ ಮೊದಲೇ ಅವಳು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಳು.

"ಚಾ... ಚಾಮರಾಜಪೇಟೆ."

ಆಟೋ ಹತ್ತಿದೆವು. ದಾರಿಯುದ್ದಕ್ಕೂ ಮಾವನಿಗೆ ಹೇಳಬೇಕಾದ ಕಟು ಮಾತುಗಳನ್ನು ಜೋಡಿಸಿಕೊಂಡೆ. ಅವರ ಮನೆ ಮುಂದೆ ನಾನು ಆಟೋದವನಿಗೆ ದುಡ್ಡು ಕೊಡುವಷ್ಟರಲ್ಲಿ ಮಗಳು ಒಳಗೆ ಓಡಿಬಿಟ್ಟಳು. ನಾನು ನಡುಮನೆಯ ಬಾಗಿಲಿಗೆ ಬಂದಾಗ ಒಳಗಿನಿಂದ ಯಾರೋ ಮೆಲ್ಲಗೆ ಮಾತಾಡುವುದು ಕೇಳಿಸಿತು. ಯಾರೋ ಗಂಡಸು, ಗುರುತಿಲ್ಲದ ದನಿ.

"ಅ... ಅವತ್ತು... ತ... ತ... ತಪ್ಪಾಯ್ತು ಪುಟ್ಟಿ. ನಾ... ನಾನು ಕೂ... ಕೂ..."

ನನ್ನ ಕಾಲು ಅಲ್ಲೇ ನಿಂತಿತು. ಮಾವ ಮಂಚದ ತುದಿಯಲ್ಲಿ ಕೂತಿದ್ದರು. ಕುತ್ತಿಗೆಯ ನರ ಬಿಗಿದಿತ್ತು, ಕಣ್ಣು ಮುಚ್ಚಿಹೋಗಿತ್ತು. ಮಗಳು ಅವರ ಮೊಣಕಾಲ ಮೇಲೆ ಕೈಯಿಟ್ಟು ನಿಂತಿದ್ದಳು.

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿಂದೆ ಬಂದು ನಿಂತರು. "ಚಿಕ್ಕಂದಿನಿಂದ್ಲೂ ಹಾಗೇ ಕಣಮ್ಮ. ಕೂಗಿ ಮಾತಾಡಿದ್ರೆ ಉಗ್ಗಲ್ಲ. ಅದಕ್ಕೇ ಕೂಗ್ತಾರೆ. ನನ್ನ ಹತ್ರ ಮಾತ್ರ ಮೆಲ್ಲಗೆ ಮಾತಾಡೋರು. ಈಗ ಇವಳ ಹತ್ರ."

ಅವರ ತಡವರಿಕೆ ನೋಡಲಾರದೆ, "ಕೂಗಬಾರದಿತ್ತು ಅಂತ ತಾನೇ ಮಾವ?" ಎನ್ನಲು ಹೊರಟೆ. ಮಗಳು ತಿರುಗಿ ನೋಡಿ ತುಟಿಯ ಮೇಲೆ ಬೆರಳಿಟ್ಟಳು.

"ತಾ... ತಾತಂಗೆ ಹೇಳಕ್ಕೆ ಬಿ... ಬಿಡಮ್ಮ" ಎಂದಳು.

ಬಿಟ್ಟೆ. ಹೊರಗೆ ಬೀದಿಯಲ್ಲಿ ಗಾಡಿಗಳು ಹಾರನ್ನು ಹೊಡೆಯುತ್ತಿದ್ದವು. ಒಳಗೆ ನಾವು ಮೂವರು ಹೆಂಗಸರು ಉಸಿರು ಹಿಡಿದು ಮಾವನ ಒಂದು ಪದಕ್ಕಾಗಿ ಕಾದೆವು. ಅವರು ಅವಸರ ಮಾಡಲಿಲ್ಲ.