ನನ್ನ ಔಷಧಿ ಹೊಡೆಯುವ ಅಂಗಿಯ ಸಲುವಾಗಿ ತರಬೇತಿ ಸಾಹೇಬರಿಗೆ

ಮಾನ್ಯರೇ,

ಮೋಟೆಬೆನ್ನೂರಿನ ಆಚೆ ಮೂರೆಕರೆ ಮೆಣಸಿನಕಾಯಿ ಬೆಳೆಯುವ, ನಾಲ್ಕನೇ ಇಯತ್ತೆಯವರೆಗೆ ಕಲಿತ ಗುಡದಪ್ಪನು ಹೊಲದ ಬದುವಿನ ಮೇಲೆ ಚಪ್ಪಲಿ ಬಿಟ್ಟು ನಿಂತು ಮಾಡುವ ನಮಸ್ಕಾರಗಳು. ತಾವು ರಾಣೆಬೆನ್ನೂರಿನಲ್ಲಿ ನರ್ಸಬಾಯಿಯರನ್ನು ಕೂಡಿಸಿ, ಒಕ್ಕಲುತನದ ಮನೆಯವರ ಆರೋಗ್ಯ ನೋಡುವುದು ಹೇಗೆಂದು ಹನ್ನೆರಡು ದಿನ ತರಬೇತಿ ಕೊಟ್ಟಿರಿ. ಅದರಿಂದ ನನ್ನ ಸಂಸಾರಕ್ಕೆ ಆದ ತೊಂದರೆಯನ್ನು ತಮ್ಮ ಪಾದಕ್ಕೆ ಅರ್ಪಿಸುತ್ತಿದ್ದೇನೆ.

ನಮ್ಮೂರ ನರ್ಸಬಾಯಿ ಮೀನಾಕ್ಷಿಯವರು ತರಬೇತಿಗೆ ಮೊದಲು ಬಹಳ ಒಳ್ಳೆಯವರಿದ್ದರು. ನನ್ನ ಹೆಂಡತಿ ಚೌಡವ್ವ ವಾರಕ್ಕೊಮ್ಮೆ ತಲೆನೋವು, ವಾಂತಿ ಎಂದು ಹೋದರೆ ಏನೂ ಕೇಳದೆ ಬಿಳಿ ಗುಳಿಗೆ ಕೊಟ್ಟು ಕಳಿಸುತ್ತಿದ್ದರು. ಎರಡು ವರ್ಷ ಗುಳಿಗೆಯೂ ತಪ್ಪಲಿಲ್ಲ, ವಾಂತಿಯೂ ತಪ್ಪಲಿಲ್ಲ.

ತರಬೇತಿಯಿಂದ ಬಂದ ಮೇಲೆ ಅವರಿಗೆ ಪ್ರಶ್ನೆ ಕೇಳುವ ಚಟ ಹತ್ತಿದೆ. ಸೀದಾ ನಮ್ಮ ಹಿತ್ತಲಿಗೆ ಬಂದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು, ವಾಂತಿ ಯಾವ ದಿನ ಆಗುತ್ತದೆ ಎಂದರು. "ಬುಧವಾರರೀ" ಎಂದಳು ಚೌಡವ್ವ. ನಾನು ಗಿಡಕ್ಕೆ ಹುಳದ ಔಷಧಿ ಹೊಡೆಯುವುದು ಮಂಗಳವಾರ. "ಔಷಧಿ ಹೊಡಿಯೂ ಅಂಗಿ ತೊಳಿಯೋರು ಯಾರ್ರೀ?" ಎಂದು ಮುಂದಿನ ಪ್ರಶ್ನೆ.

ನಮ್ಮಲ್ಲಿ ಔಷಧಿ ಹೊಡೆಯಲಿಕ್ಕೆಂದೇ ಒಂದು ಹಳೆಯ ಅಂಗಿ ಇರುತ್ತದೆ. ನನ್ನದು ಮದುವೆಯ ಅಂಗಿ. ಹೊಲದಿಂದ ಬಂದು ಅದನ್ನು ಹಿತ್ತಲಲ್ಲಿ ಬಿಚ್ಚಿಟ್ಟರೆ, ಮರುದಿನ ಚೌಡವ್ವ ಮಕ್ಕಳ ಬಟ್ಟೆಯ ಜೊತೆಗೇ ನೆನೆಹಾಕಿ ಬರಿಗೈಯಿಂದ ತಿಕ್ಕುತ್ತಿದ್ದಳು. ಅಪ್ಪನ ಅಂಗಿ ತೊಳೆಯುತ್ತಿದ್ದ ನಮ್ಮವ್ವನಿಗೂ ಇದೇ ತಲೆನೋವಿತ್ತು. ಅದು ಮನೆತನದ ಬೇನೆ ಎಂದು ನಾವು ತಿಳಿದಿದ್ದೆವು. ಅತ್ತೆ ಸೊಸೆ ಇಬ್ಬರೂ ಬೇರೆ ಬೇರೆ ಊರಿನಿಂದ ಬಂದವರು ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ.

ಮೀನಾಕ್ಷಿಯವರು ಆ ಅಂಗಿಯನ್ನು ಕೋಲಿನಿಂದ ಎತ್ತಿ ಹಿಡಿದು, "ಗುಡದಪ್ಪಣ್ಣಾರ, ಇನ್ಮ್ಯಾಲೆ ಇದನ್ನ ನೀವ ತೊಳೀರಿ. ಬ್ಯಾರೆ ಬಕೀಟು, ಕೈಗೆ ಗ್ಲೌಸು" ಎಂದು ತೀರ್ಪು ಕೊಟ್ಟರು. ಈಗ ಮಂಗಳವಾರ ಸಂಜೆ ನಾನು ನೀಲಿ ಗ್ಲೌಸು ಹಾಕಿಕೊಂಡು ಕುಳಿತರೆ, ಗೋಡೆಯ ಆಚೆಯಿಂದ ಹಾಲೇಶಪ್ಪ, "ಲಾಂಡ್ರಿ ಯಾವಾಗ ಇಟ್ಟೀಪಾ? ನನ್ನ ಧೋತರಾನೂ ತರ್ಲೇನು?" ಎನ್ನುತ್ತಿದ್ದ. ಹೋದ ವಾರ ನರ್ಸಬಾಯಿ ಅವನ ಹಿತ್ತಲಿಗೂ ಹೋಗಿ ಬಂದರು. ಈಗ ಅವನ ಕೈಗೂ ನೀಲಿ ಗ್ಲೌಸು ಬಂದಿದೆ.

ಏಳು ಬುಧವಾರ ಕಳೆದವು, ಚೌಡವ್ವನಿಗೆ ವಾಂತಿ ಇಲ್ಲ, ತಲೆನೋವಿಲ್ಲ. ಹೀಗಾಗಿ ಆಕೆಗೆ ನನ್ನನ್ನು ಬಯ್ಯಲು ವಾರದ ಏಳೂ ದಿನ ಸಿಗುತ್ತಿವೆ. ಮೊದಲು ಬುಧವಾರ ನನಗೆ ರಜೆ ಇರುತ್ತಿತ್ತು. "ಕಾಲರ್ ಛಲೋ ತಿಕ್ಕರಿ, ಕೈಗೇನು ಮದರಂಗಿ ಹಚ್ಚೀರಿ?" ಎಂದು ಕಟ್ಟೆಯ ಮೇಲೆ ಕುಳಿತು ಕಲಿಸುತ್ತಾಳೆ.

ಆದಕಾರಣ ತಾವು ಕೊಟ್ಟ ತರಬೇತಿಯನ್ನು ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಬೇಕು. ಆಗದಿದ್ದರೆ ಹುಳಗಳಿಗಾದರೂ ಹನ್ನೆರಡು ದಿನ ತರಬೇತಿ ಕೊಟ್ಟು, ಮೆಣಸಿನ ಗಿಡ ಮುಟ್ಟದಂತೆ ಮಾಡಬೇಕು.

ನಿನ್ನೆ ಬ್ಯಾಡಗಿ ಬಸ್ಸಿನಲ್ಲಿ ಒಂದು ಸುದ್ದಿ ಕೇಳಿದೆ. ಮೀನಾಕ್ಷಿಯವರನ್ನು ಮುಂದಿನ ತಿಂಗಳು ಹಾವೇರಿಗೆ ಒಯ್ದು, ತರಬೇತಿ ಎಷ್ಟು ಚೆನ್ನಾಗಿ ನಡೆಯಿತು ಎಂದು ವರದಿ ಬರೆಯಲು ಅಲ್ಲೇ ಕಾಯಂ ಕೂಡಿಸುತ್ತೀರಂತೆ. ಇಷ್ಟೆಲ್ಲ ಮಾಡಿದವರಿಗೆ ಫ್ಯಾನಿನ ಕೆಳಗೆ ಕುರ್ಚಿಯೇ? ತಪ್ಪು ಮಾಡಿದವರನ್ನು ಹಳ್ಳಿಗೆ ಹಾಕುವುದಲ್ಲವೇ ತಮ್ಮ ಪದ್ಧತಿ? ಅವರಿಗೆ ಕಠಿಣ ಶಿಕ್ಷೆಯಾಗಬೇಕು: ಹತ್ತು ವರ್ಷ ನಮ್ಮೂರಲ್ಲೇ ಇಡಿ.

ಒದ್ದೆ ಕೈಯಿಂದ ಸಹಿ ಮಾಡಿದ
ತಮ್ಮ ವಿಶ್ವಾಸಿ,
ಗುಡದಪ್ಪ

ತಾ.ಕ.: ಕೆಳಗೆ ಊರಿನ ನಲವತ್ತೊಂದು ಹೆಂಗಸರ ಸಹಿ, ಹೆಬ್ಬೆಟ್ಟು ಇವೆ. ನರ್ಸಬಾಯಿಯನ್ನು ಒಯ್ದೇ ಒಯ್ಯುವುದಾದರೆ, ನಲವತ್ತೊಂದು ಮನೆಯ ಔಷಧಿ ಹೊಡೆಯುವ ಅಂಗಿಗಳನ್ನು ಗಂಟು ಕಟ್ಟಿ ತಮ್ಮ ಮನೆಗೆ ಕಳಿಸುತ್ತೇವೆ. ಕಳಿಸುವ ಮೊದಲು ಮೀನಾಕ್ಷಿಯವರಿಂದ ಕಲಿತ ಒಂದೇ ಪ್ರಶ್ನೆ: ತಮ್ಮ ಮನೆಯಲ್ಲಿ ಬಟ್ಟೆ ತೊಳೆಯುವವರು ಯಾರು?